ತೂಬಿನ ಸಂದಿಯಲ್ಲಿ ಸಿಕ್ಕಿದ ಬೆರಳು

ಕಟ್ಟುಹಾವು ಕಚ್ಚಿದರೆ ನೋವು ಅಷ್ಟಾಗಿ ತಿಳಿಯುವುದಿಲ್ಲ. ಕಚ್ಚಿದ ಜಾಗ ಊದಿಕೊಳ್ಳುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣಿಸದು. ಅದು ರಾತ್ರಿ ಓಡಾಡುವ ಹಾವು. ಮಳೆಗಾಲದಲ್ಲಿ ಮನೆಯೊಳಗೆ ಬಂದು, ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದವರ ಮಗ್ಗುಲಿಗೆ ಸರಿಯುತ್ತದೆ. ನಿದ್ದೆಯಲ್ಲಿ ಅವರು ಹೊರಳಿದಾಗ ಕಚ್ಚಿ ಹೋಗಿಬಿಡುತ್ತದೆ. ಹಾಸಿಗೆ ಕೊಡವಿ ಮಲಗಿ ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆ ಇಂಥ ಎಷ್ಟು ರಾತ್ರಿಗಳಿವೆಯೋ. ಬೆಳಗಿನ ಜಾವ ಎಚ್ಚರವಾದಾಗ ಕಣ್ಣಿನ ರೆಪ್ಪೆ ಮೇಲಕ್ಕೇಳುವುದಿಲ್ಲ. ಇನ್ನೂ ನಿದ್ದೆ ಬಿಟ್ಟಿಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆಮೇಲೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕೊನೆಗೆ ಉಸಿರೆಳೆಯುವ ಸ್ನಾಯುಗಳು ಕೈಬಿಡುತ್ತವೆ.

ಆ ಹೊತ್ತಿಗೂ ಆ ವ್ಯಕ್ತಿಗೆ ಎಚ್ಚರ ಇರಬಹುದು. ಮಗ್ಗುಲಲ್ಲಿ ಕೂತು ಅಳುವವರ ದನಿ ಕೇಳಿಸುತ್ತಿರಬಹುದು. ಕಣ್ಣಪಾಪೆ ಕೂಡ ಬೆಳಕಿಗೆ ಕದಲದೆ, ಮಿದುಳು ಸತ್ತಿದೆ ಎನಿಸುವಂತೆ ಬಿದ್ದಿದ್ದ ರೋಗಿಗಳು ವೆಂಟಿಲೇಟರ್ ನೆರವಿನಲ್ಲಿ ಕೆಲವು ದಿನ ಕಳೆದು ಎದ್ದು ಕೂತದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಅವರ ಮಿದುಳು ಆಜ್ಞೆ ಕೊಡುತ್ತಿತ್ತು, ನರಗಳು ಅದನ್ನು ಹೊತ್ತು ತರುತ್ತಿದ್ದವು, ಸ್ನಾಯುಗಳಲ್ಲಿ ಕಸುವೂ ಇತ್ತು. ಕೆಟ್ಟಿದ್ದು ನರದ ತುದಿಗೂ ಸ್ನಾಯುವಿಗೂ ನಡುವೆ ಇರುವ, ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು ಅಗಲದ ಸಂದಿಯ ಆಚೀಚೆ.

ಆ ಸಂದಿಯ ದಡದಲ್ಲಿ, ಸ್ನಾಯುವಿನ ಪೊರೆಯಲ್ಲಿ, ನರದ ಮಾತನ್ನು ಕೇಳಿಸಿಕೊಳ್ಳುವ ಒಂದು ಪ್ರೋಟೀನ್ ಇದೆ. ಇಂಥವುಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ನಾವು ಗ್ರಾಹಿ ಎನ್ನೋಣ. ನರಮಂಡಲದಲ್ಲಿ ಗ್ರಾಹಿಗಳು ನೂರಾರು ಬಗೆ. ಆದರೆ ಗ್ರಾಹಿ ಎಂಬುದೊಂದು ಇದೆ ಎಂಬ ಊಹೆ ಹುಟ್ಟಿದ್ದು, ಅದನ್ನು ಕೈಯಲ್ಲಿ ಹಿಡಿದು ತೂಗಲು ಸಾಧ್ಯವಾದದ್ದು, ಅದರ ಆಕಾರ ಕಂಡದ್ದು ಹೆಚ್ಚಾಗಿ ಈ ಒಂದರ ಬೆನ್ನು ಹತ್ತಿದ್ದರಿಂದ. ಇದನ್ನು ಹುಡುಕಿಕೊಟ್ಟದ್ದು ವಿಷಗಳು. ಬಾಣದ ತುದಿಯ ವಿಷ, ಹೊಗೆಸೊಪ್ಪಿನ ವಿಷ, ಕೊನೆಗೆ ಹಾವಿನ ವಿಷ. ಈ ಗ್ರಾಹಿಯನ್ನು ಹಿಡಿದು ಕೊಲ್ಲುವುದನ್ನು ಅವು ವಿಜ್ಞಾನಿಗಳಿಗಿಂತ ಲಕ್ಷಾಂತರ ವರ್ಷ ಮೊದಲೇ ಕಲಿತಿದ್ದವು.

ಮೊದಲ ಸುಳಿವು ಸಿಕ್ಕಿದ್ದು ಕುರಾರೆಯಿಂದ. ಅಮೆಜಾನ್ ಕಾಡಿನ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ, ಬಳ್ಳಿಗಳ ತೊಗಟೆಯಿಂದ ಕಾಯಿಸಿ ತೆಗೆದ ಕಪ್ಪು ಅಂಟು ಅದು. ಬಾಣ ತಾಗಿದ ಪ್ರಾಣಿ ಸದ್ದಿಲ್ಲದೆ ಕುಸಿಯುತ್ತದೆ. ಅದರ ಮಾಂಸ ತಿಂದವರಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ವಿಷ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 19ನೇ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ಕ್ಲೋದ್ ಬರ್ನಾರ್ ಇದನ್ನು ಕಪ್ಪೆಗಳ ಮೇಲೆ ಪರೀಕ್ಷಿಸಿದರು. ಕಪ್ಪೆಯ ಹಿಂಗಾಲುಗಳಿಗೆ ರಕ್ತ ಹೋಗದಂತೆ ನರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ದಾರದಿಂದ ಬಿಗಿದು, ಮುಂಭಾಗಕ್ಕೆ ಕುರಾರೆ ಚುಚ್ಚಿದರು. ಮುಂಭಾಗ ಜೋತುಬಿತ್ತು. ಆದರೆ ಆ ಜೋತುಬಿದ್ದ ಭಾಗದ ಚರ್ಮವನ್ನು ಚಿವುಟಿದರೆ ವಿಷ ತಲುಪದ ಹಿಂಗಾಲು ಒದೆಯುತ್ತಿತ್ತು! ಅಂದರೆ ಕಪ್ಪೆಗೆ ನೋವು ಗೊತ್ತಾಗುತ್ತಿತ್ತು, ಅದನ್ನು ತೋರಿಸಿಕೊಳ್ಳುವ ದಾರಿ ಮಾತ್ರ ಮುಚ್ಚಿತ್ತು. ವಿಷ ತಾಗಿದ ಸ್ನಾಯುವಿಗೆ ನೇರವಾಗಿ ವಿದ್ಯುತ್ ಕೊಟ್ಟರೆ ಅದು ಸೆಟೆಯುತ್ತಿತ್ತು; ನರಕ್ಕೆ ಕೊಟ್ಟರೆ ಏನೂ ಇಲ್ಲ.

ಇದೇ ಸತ್ಯವನ್ನು 1947ರಲ್ಲಿ ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ತಮ್ಮ ಮೈಮೇಲೇ ಪ್ರಯೋಗಿಸಿ ವರದಿ ಮಾಡಿದರು. ಅಷ್ಟರಲ್ಲಿ ಕುರಾರೆಯ ಸಾರ ಶಸ್ತ್ರಚಿಕಿತ್ಸೆಯ ಕೊಠಡಿಗೆ ಬಂದಿತ್ತು, ಅದು ಪ್ರಜ್ಞೆಯನ್ನೂ ತಪ್ಪಿಸುತ್ತದೆಯೋ ಎಂಬ ಅನುಮಾನ ಉಳಿದಿತ್ತು. ಸ್ಮಿತ್ ಸಂಪೂರ್ಣವಾಗಿ ನಿಶ್ಚಲರಾಗುವಷ್ಟು ಔಷಧ ಚುಚ್ಚಿಸಿಕೊಂಡು, ಸಹೋದ್ಯೋಗಿಗಳು ಕೊಡುವ ಕೃತಕ ಉಸಿರಾಟದಲ್ಲಿ ಮಲಗಿದ್ದರು. ಎದ್ದ ಮೇಲೆ, ಅಷ್ಟು ಹೊತ್ತೂ ತಾವು ಪೂರ್ತಿ ಎಚ್ಚರವಾಗಿದ್ದುದಾಗಿ ತಿಳಿಸಿದರು. ಕಟ್ಟುಹಾವು ಕಚ್ಚಿದವರ ಹಾಸಿಗೆಯ ಬಳಿ ಏನು ಮಾತಾಡುತ್ತೇವೆ ಎಂಬ ಬಗ್ಗೆ ನಾವು ಎಚ್ಚರವಾಗಿರಬೇಕು ಎಂದು ನನಗೆ ಬಲವಾಗಿ ಅನಿಸುವುದು ಇಂಥ ದಾಖಲೆಗಳನ್ನು ಓದಿದಾಗ.

ವಿಷ ನರದ ತುದಿಯನ್ನು ಕೆಡಿಸುತ್ತದೋ ಸ್ನಾಯುವನ್ನೋ? ಬರ್ನಾರ್ ನರದ ಕಡೆಗೆ ಬೆರಳು ತೋರಿಸಿದ್ದರು. ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1905ರಲ್ಲಿ ಉತ್ತರವನ್ನು ಬದಲಿಸಿದರು. ಅವರು ಕೋಳಿಯ ಕಾಲಿನ ಸ್ನಾಯುವಿನ ಮೇಲೆ ಹೊಗೆಸೊಪ್ಪಿನ ನಿಕೋಟಿನ್ ಪ್ರಯೋಗಿಸಿದರು, ಸ್ನಾಯು ಸೆಟೆಯಿತು. ನರವನ್ನು ಕತ್ತರಿಸಿ ಅದರ ತುದಿ ನಶಿಸಿಹೋಗುವವರೆಗೆ ಕಾದು ಮತ್ತೆ ಹಾಕಿದರು, ಆಗಲೂ ಸೆಟೆಯಿತು. ಮೇಲೆ ಕುರಾರೆ ಹಾಕಿದರೆ ಸಡಿಲವಾಯಿತು. ನರದ ತುದಿಯೇ ಇಲ್ಲದ ಕಡೆ ಎರಡು ವಿಷಗಳು ಪರಸ್ಪರ ಕಾದಾಡುತ್ತಿವೆ ಎಂದಾದರೆ ಜಗಳ ನಡೆಯುತ್ತಿರುವುದು ಸ್ನಾಯುವಿನಲ್ಲೇ. ಆದರೆ ಸ್ನಾಯುವಿನ ಸೆಟೆಯುವ ಶಕ್ತಿ ಕೆಟ್ಟಿಲ್ಲ, ವಿದ್ಯುತ್ ಕೊಟ್ಟರೆ ಈಗಲೂ ಅದು ಸೆಟೆಯುತ್ತದೆ. ಹಾಗಿದ್ದರೆ ಸ್ನಾಯುವಿನಲ್ಲಿ ಸುದ್ದಿ ಸ್ವೀಕರಿಸುವುದಕ್ಕೆಂದೇ ಬೇರೊಂದು ಪದಾರ್ಥ ಇರಬೇಕು. ಲ್ಯಾಂಗ್ಲಿ ಅದನ್ನು ‘ಸ್ವೀಕರಿಸುವ ಪದಾರ್ಥ’ ಎಂದೇ ಕರೆದರು. ಒಂದು ಕೋಳಿ, ಎರಡು ವಿಷ, ಒಂದು ಚೂರಿ: ಇಷ್ಟರಿಂದ ಇಂಥ ತೀರ್ಮಾನಕ್ಕೆ ಬಂದ ಆ ತರ್ಕ ಇಡೀ ಜೀವವಿಜ್ಞಾನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ನರದ ಕಡೆಯಿಂದ ಬರುವ ಸುದ್ದಿ ಯಾವುದು ಎಂಬುದು ಮುಂದಿನ ಮೂರು ದಶಕಗಳಲ್ಲಿ ತಿಳಿಯಿತು. ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಆಟೊ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ ಅದರ ಬಡಿತ ನಿಧಾನವಾದ ಮೇಲೆ, ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದರ ಬಡಿತವೂ ನಿಧಾನವಾಯಿತು. ಸುದ್ದಿ ರಾಸಾಯನಿಕ ವಸ್ತುವಾಗಿತ್ತು, ಹೆಸರು ಅಸಿಟೈಲ್‌ಕೋಲಿನ್. ಕೈಕಾಲಿನ ಸ್ನಾಯುಗಳಿಗೂ ನರ ಅದನ್ನೇ ಸುರಿಯುತ್ತದೆಂದು ಲಂಡನ್ನಿನ ಹೆನ್ರಿ ಡೇಲ್ ಬಳಗ 1936ರಲ್ಲಿ ತೋರಿಸಿತು. ಅದೇ ವರ್ಷ ಲೋವಿ ಮತ್ತು ಡೇಲ್ ಇಬ್ಬರಿಗೂ ನೊಬೆಲ್ ಬಂತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೃದಯದಲ್ಲಿ ಅಸಿಟೈಲ್‌ಕೋಲಿನ್ ಬಿದ್ದರೆ ಬಡಿತ ತಗ್ಗುತ್ತದೆ, ಕಾಲಿನ ಸ್ನಾಯುವಿಗೆ ಬಿದ್ದರೆ ಅದು ಸೆಟೆಯುತ್ತದೆ. ಅಣು ಒಂದೇ, ಫಲ ತದ್ವಿರುದ್ಧ. ‘ತಗ್ಗು’ ಎಂದಾಗಲಿ ‘ಸೆಟೆ’ ಎಂದಾಗಲಿ ಆ ಅಣುವಿನಲ್ಲಿ ಬರೆದಿಲ್ಲ. ಅರ್ಥ ಇರುವುದು ಕೇಳಿಸಿಕೊಳ್ಳುವ ಗ್ರಾಹಿಯಲ್ಲಿ. ಹೃದಯದ ಗ್ರಾಹಿ ಜೀವಕೋಶದ ಒಳಮೈಯಲ್ಲಿರುವ ಜಿ-ಪ್ರೋಟೀನ್ ಎಂಬ ಇನ್ನೊಂದು ಪ್ರೋಟೀನಿಗೆ ಸುದ್ದಿ ದಾಟಿಸುತ್ತದೆ, ಅದು ಮತ್ತೊಂದಕ್ಕೆ. ಕೈಯಿಂದ ಕೈಗೆ ಹೋಗುವ ಕೆಲಸ ಅದು, ಸ್ವಲ್ಪ ನಿಧಾನ. ಸ್ನಾಯುವಿನ ಗ್ರಾಹಿಗೆ ಅಷ್ಟು ಪುರುಸೊತ್ತಿಲ್ಲ. ಅದು ಸುದ್ದಿ ಕೇಳುವ ಕಿವಿಯೂ ಹೌದು, ತೆರೆದುಕೊಳ್ಳುವ ತೂಬೂ ಹೌದು. ಕೆರೆಯ ತೂಬಿನ ಹಾಗೆ ಪೊರೆಯನ್ನು ಸೀಳಿ ನಿಂತಿರುತ್ತದೆ. ಎರಡು ಅಸಿಟೈಲ್‌ಕೋಲಿನ್ ಅಣುಗಳು ಬಂದು ಅದರ ಎರಡು ಹಿಡಿಗಳಲ್ಲಿ ಕೂತರೆ ತೂಬು ಸಾವಿರದ ಒಂದೆರಡು ಪಾಲು ಸೆಕೆಂಡು ತೆರೆಯುತ್ತದೆ, ಅಷ್ಟರಲ್ಲೇ ಸೋಡಿಯಂ ಅಯಾನುಗಳು ಸಾವಿರಾರು ಸಂಖ್ಯೆಯಲ್ಲಿ ಒಳನುಗ್ಗುತ್ತವೆ. ಸಂದಿಯಲ್ಲಿ ಕಾದು ಕೂತ ಕಿಣ್ವವೊಂದು ಅಸಿಟೈಲ್‌ಕೋಲಿನ್ ಅನ್ನು ಅಲ್ಲೇ ತುಂಡರಿಸಿ, ಮುಂದಿನ ಸುದ್ದಿಗೆ ಜಾಗ ಮಾಡುತ್ತದೆ. ನೀವು ಈ ಸಾಲು ಓದುವಾಗ ಕಣ್ಣು ಎಡದಿಂದ ಬಲಕ್ಕೆ ಸರಿಯುವುದು ಹೀಗೆ.

ಇಷ್ಟೆಲ್ಲ ಈಗ ಗೊತ್ತು. 1960ರಲ್ಲಿ ಗ್ರಾಹಿ ಇನ್ನೂ ಊಹೆಯಾಗಿತ್ತು. ಅದು ಪ್ರೋಟೀನೋ ಕೊಬ್ಬೋ ಎಂದು ಖಚಿತವಾಗಿ ಹೇಳುವ ಹಾಗಿರಲಿಲ್ಲ. ತೊಂದರೆ ಎರಡು. ಸ್ನಾಯುವನ್ನು ಅರೆದರೆ ಅದರಲ್ಲಿ ಗ್ರಾಹಿಯ ಪಾಲು ತೀರಾ ಅತ್ಯಲ್ಪ. ಹೇಗೋ ಸಿಕ್ಕಿತು ಎನ್ನೋಣ, ಸಾವಿರಾರು ಪ್ರೋಟೀನುಗಳ ನಡುವೆ ಇದೇ ಅದು ಎಂದು ಗುರುತಿಸುವುದು ಹೇಗೆ? ಕುರಾರೆಯಾಗಲಿ ಅಸಿಟೈಲ್‌ಕೋಲಿನ್ ಆಗಲಿ ಕೂತ ಹಾಗೆ ಕೂತು ಎದ್ದುಹೋಗುತ್ತವೆ. ಒಮ್ಮೆ ಹಿಡಿದರೆ ಬಿಡದ ಏನಾದರೂ ಬೇಕಿತ್ತು.

ಅದು ಬಂದದ್ದು ತೈವಾನಿನಿಂದ. ತೈಪೆಯ ರಾಷ್ಟ್ರೀಯ ತೈವಾನ್ ವಿಶ್ವವಿದ್ಯಾಲಯದಲ್ಲಿ ಚೆನ್-ಯುವಾನ್ ಲೀ ಎಂಬ ಔಷಧಶಾಸ್ತ್ರಜ್ಞರು ತಮ್ಮ ದ್ವೀಪದ ಹಾವುಗಳ ವಿಷವನ್ನು ಅಭ್ಯಾಸ ಮಾಡುತ್ತಿದ್ದರು. ಅಲ್ಲಿನ ಕಟ್ಟುಹಾವು ನಮ್ಮದರ ಹತ್ತಿರದ ನೆಂಟ. ಮೈಮೇಲೆ ಕಪ್ಪು ಬಿಳಿ ಪಟ್ಟೆ ಎದ್ದು ಕಾಣುತ್ತದೆ. 1963ರಲ್ಲಿ ಲೀ ಮತ್ತು ಅವರ ಸಹೋದ್ಯೋಗಿ ಚಾಂಗ್ ಆ ವಿಷದಲ್ಲಿ ಒಂದಕ್ಕಿಂತ ಹೆಚ್ಚು ಕೊಲೆಗಾರರಿರುವುದನ್ನು ಕಂಡು ಬೇರ್ಪಡಿಸಿದರು. ಬೀಟಾ-ಬಂಗಾರೊಟಾಕ್ಸಿನ್ ನರದ ತುದಿಯನ್ನು ಹಾಳುಮಾಡುತ್ತಿತ್ತು. ಆಲ್ಫಾ-ಬಂಗಾರೊಟಾಕ್ಸಿನ್ ನರದ ಗೊಡವೆಗೇ ಹೋಗದೆ, ಸ್ನಾಯುವಿನಲ್ಲಿ ಲ್ಯಾಂಗ್ಲಿ ಹೇಳಿದ ಜಾಗವನ್ನೇ ಹಿಡಿಯುತ್ತಿತ್ತು. ಹಿಡಿದರೆ ಗಂಟೆಗಟ್ಟಲೆ ತೊಳೆದರೂ ಬಿಡುತ್ತಿರಲಿಲ್ಲ. 74 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ಅಂಗೈಯಿಂದ ಮೂರು ಬೆರಳು ಚಾಚಿದಂತೆ ಆಕಾರ. ನಾಗರಹಾವು, ಕಾಳಿಂಗ, ಆಫ್ರಿಕದ ಮಾಂಬಾ ಎಲ್ಲದರ ವಿಷದಲ್ಲೂ ಇದೇ ‘ಮುಬ್ಬೆರಳು’ ಕುಟುಂಬದ ವಿಷಗಳಿವೆ. ಗ್ರಾಹಿಯ ಚರಿತ್ರೆ ಬರೆಯುವವರು ಕೇಂಬ್ರಿಜ್, ಪ್ಯಾರಿಸ್ ಎಂದು ಮುಂದೆ ಹೋಗಿಬಿಡುತ್ತಾರೆ. ತೈಪೆಯ ಈ ಕೆಲಸ ಇಲ್ಲದಿದ್ದರೆ ಮುಂದಿನ ಯಾವುದೂ ಅಷ್ಟು ಬೇಗ ಆಗುತ್ತಿರಲಿಲ್ಲ.

ಗುರುತು ಹಿಡಿಯುವ ಸಮಸ್ಯೆ ಹೀಗೆ ತೀರಿತು. ಅತ್ಯಲ್ಪ ಪ್ರಮಾಣದ ಸಮಸ್ಯೆಯನ್ನು ತೀರಿಸಿದ್ದು ಮೀನುಗಳು. ದಕ್ಷಿಣ ಅಮೆರಿಕದ ನದಿಗಳಲ್ಲಿರುವ ವಿದ್ಯುತ್ ಈಲ್, ಸಮುದ್ರದಲ್ಲಿರುವ ಟಾರ್ಪೆಡೊ ಎಂಬ ವಿದ್ಯುತ್ ತೊರಕೆ ಮೀನು, ಇವೆರಡೂ ಶಾಕ್ ಹೊಡೆಯುವ ಅಂಗವನ್ನು ಸ್ನಾಯುವಿನಿಂದಲೇ ರೂಪಿಸಿಕೊಂಡಿವೆ. ಆ ಅಂಗದ ಜೀವಕೋಶಗಳು ಸೆಟೆಯುವ ಗುಣವನ್ನು ಬಿಟ್ಟು, ಚಪ್ಪಟೆಯಾಗಿ, ಬ್ಯಾಟರಿ ಸೆಲ್ಲುಗಳಂತೆ ಒಂದರ ಬೆನ್ನಿಗೊಂದು ಜೋಡಿಕೊಂಡಿವೆ. ಒಂದು ಮುಖದ ತುಂಬ ಗ್ರಾಹಿಗಳು ಕಿಕ್ಕಿರಿದಿವೆ. ನರದ ಆಜ್ಞೆ ಬಂದೊಡನೆ ಎಲ್ಲ ತೂಬುಗಳೂ ಒಟ್ಟಿಗೆ ತೆರೆದು ವೋಲ್ಟುಗಳು ಕೂಡಿಕೊಳ್ಳುತ್ತವೆ. 1970ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಝಾನ್-ಪಿಯೆರ್ ಶಾಂಜ್ಯೊ, ಮಿಚಿಕಿ ಕಸಾಯ್ ಮತ್ತು ಲೀ ಮೂವರೂ ಸೇರಿ ಪ್ರಕಟಿಸಿದ ಲೇಖನದಲ್ಲಿ, ಈಲ್ ಮೀನಿನ ಅಂಗದಿಂದ ಬಿಡಿಸಿ ತೆಗೆದ ಒಂದು ಪ್ರೋಟೀನನ್ನು ಹಾವಿನ ವಿಷ ಹಿಡಿದು ತೋರಿಸಿತು. ಮರುವರ್ಷ ಲಂಡನ್ನಿನಲ್ಲಿ ರಿಕಾರ್ಡೊ ಮಿಲೆಡಿ ಬಳಗ ಟಾರ್ಪೆಡೊ ಮೀನಿನಿಂದಲೂ ಅದನ್ನು ತೆಗೆಯಿತು. ಕುರಾರೆ ಬಂದದ್ದೂ ಈಲ್ ಬಂದದ್ದೂ ಅಮೆಜಾನ್ ಸೀಮೆಯಿಂದಲೇ. ಲ್ಯಾಂಗ್ಲಿಯ ಊಹೆಗೆ 65 ವರ್ಷಗಳ ಮೇಲೆ ಮೈ ಬಂತು.

ಶುದ್ಧ ಗ್ರಾಹಿ ಕೈಗೆ ಬಂದೊಡನೆ ನಡೆದ ಒಂದು ಘಟನೆ ವೈದ್ಯಶಾಸ್ತ್ರವನ್ನೇ ತಿರುಗಿಸಿತು. ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಮ್ ಈಲ್ ಮೀನಿನ ಗ್ರಾಹಿಯನ್ನು ಮೊಲಗಳಿಗೆ ಚುಚ್ಚಿದರು. ಅವರಿಗೆ ಬೇಕಾಗಿದ್ದದ್ದು ಮೊಲದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಮಾತ್ರ. ಅವು ಪ್ರಯೋಗಶಾಲೆಯಲ್ಲಿ ಉಪಯೋಗಕ್ಕೆ ಬರುತ್ತವೆ. ಕೆಲವು ವಾರಗಳಲ್ಲಿ ಮೊಲಗಳು ಕತ್ತು ಎತ್ತಲಾರದೆ ಬಿದ್ದುಕೊಂಡವು. ಮೀನಿನ ಗ್ರಾಹಿಗೆಂದು ಹುಟ್ಟಿದ ಪ್ರತಿಕಾಯಗಳು ಮೊಲದ ಸ್ವಂತ ಗ್ರಾಹಿಗಳ ಮೇಲೆ ಬಿದ್ದಿದ್ದವು. 1973ರಲ್ಲಿ ಇದು ಪ್ರಕಟವಾದಾಗ ಮಯಸ್ತೇನಿಯಾ ಗ್ರೇವಿಸ್ ಎಂಬ ಮನುಷ್ಯರ ಕಾಯಿಲೆಯ ಗುಟ್ಟು ಬಿಚ್ಚಿಕೊಂಡಿತು. ಆ ಕಾಯಿಲೆಯಲ್ಲೂ ಮೊದಲು ರೆಪ್ಪೆ ಜೋಲುತ್ತದೆ, ಒಂದು ಎರಡಾಗಿ ಕಾಣುತ್ತದೆ, ಸಂಜೆಯಾಗುತ್ತ ಆಗುತ್ತ ಕೈಕಾಲು ಸೋಲುತ್ತದೆ. ಅದೇ ವರ್ಷ ಅಮೆರಿಕದ ಇನ್ನೊಂದು ತಂಡ, ವಿಕಿರಣ ಸೂಸುವಂತೆ ಮಾಡಿದ ಹಾವಿನ ವಿಷವನ್ನೇ ಲೆಕ್ಕದ ಮಣಿಯಾಗಿ ಬಳಸಿ, ಈ ರೋಗಿಗಳ ಸ್ನಾಯುಗಳಲ್ಲಿ ಗ್ರಾಹಿಗಳು ಬಹಳ ಕಡಿಮೆಯಾಗಿರುವುದನ್ನು ಎಣಿಸಿ ತೋರಿಸಿತು. ದೇಹ ತನ್ನ ಗ್ರಾಹಿಗಳನ್ನು ತಾನೇ ಹೊಡೆದು ಹಾಕುತ್ತಿತ್ತು.

ಇದಕ್ಕೆ ಎಷ್ಟೋ ಮೊದಲೇ, 1934ರಲ್ಲಿ, ಲಂಡನ್ನಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಈ ಕಾಯಿಲೆ ಕುರಾರೆಯ ವಿಷದ ಹಾಗೇ ಇದೆಯಲ್ಲ ಎಂದು ಗಮನಿಸಿ, ಕುರಾರೆಗೆ ಕೊಡುವ ಮದ್ದನ್ನೇ ಕೊಟ್ಟು ನೋಡಿದ್ದರು. ಅದು ಪಶ್ಚಿಮ ಆಫ್ರಿಕದ ಕಲಬಾರ್ ಬೀಜದಿಂದ ತೆಗೆದ ಫೈಸೊಸ್ಟಿಗ್ಮಿನ್. ಅಸಿಟೈಲ್‌ಕೋಲಿನ್ ಅನ್ನು ತುಂಡರಿಸುವ ಕಿಣ್ವವನ್ನು ಅದು ತಡೆಯುತ್ತದೆ. ಸಂದಿಯಲ್ಲಿ ಸುದ್ದಿ ಹೆಚ್ಚು ಹೊತ್ತು ಉಳಿದು, ಅಳಿದುಳಿದ ಗ್ರಾಹಿಗಳಿಗೆ ತಲುಪುತ್ತದೆ. ಜೋತಿದ್ದ ರೆಪ್ಪೆ ಮೇಲಕ್ಕೆ ಎದ್ದಿತು. ಅದರದೇ ವಂಶದ ನಿಯೊಸ್ಟಿಗ್ಮಿನ್ ಇಂದು ನಮ್ಮ ಆಸ್ಪತ್ರೆಗಳಲ್ಲಿ ನಾಗರಹಾವು ಕಚ್ಚಿದವರಿಗೆ ಪ್ರತಿವಿಷದ ಜೊತೆಗೆ ಕೊಡುವ ಚುಚ್ಚುಮದ್ದು.

ರೆಪ್ಪೆಯೇ ಏಕೆ ಮೊದಲು? ನರ ಸ್ನಾಯುಗಳ ನಡುವೆ ಪ್ರಕೃತಿ ಧಾರಾಳವಾಗಿ ಉಳಿತಾಯ ಇಟ್ಟಿದೆ. ಸುಮಾರು ಮುಕ್ಕಾಲು ಪಾಲು ಗ್ರಾಹಿಗಳು ಮುಚ್ಚಿಹೋದರೂ ದೊಡ್ಡ ಸ್ನಾಯು ಒಂದು ಸಲಕ್ಕೆ ಸೆಟೆದೇ ತೀರುತ್ತದೆ. ಕಣ್ಣಿನ ಸುತ್ತಲಿನ ಪುಟ್ಟ ಸ್ನಾಯುಗಳು ಎಡೆಬಿಡದೆ ದುಡಿಯುವಂಥವು, ಅವುಗಳ ಉಳಿತಾಯ ಕಡಿಮೆ. ಬರಗಾಲದಲ್ಲಿ ದಿನಗೂಲಿಯವರ ಮನೆಯ ಒಲೆ ಮೊದಲು ಆರುವ ಹಾಗೆ.

ಹಾವು ಮುಂಗುಸಿಯ ಕಾದಾಟ ನೋಡಿದವರು, ಕಚ್ಚಿಸಿಕೊಂಡ ಮುಂಗುಸಿ ಪೊದೆಗೆ ಓಡಿ ಯಾವುದೋ ಬೇರು ತಿಂದು ಬರುತ್ತದೆ ಎನ್ನುತ್ತಾರೆ. ಬೇರು ಇರುವುದು ಅದರ ಗ್ರಾಹಿಯಲ್ಲೇ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಾರಾ ಫುಕ್ಸ್ ಬಳಗ 1992ರಲ್ಲಿ ಮುಂಗುಸಿಯ ಗ್ರಾಹಿಯ ಜೀನನ್ನು ಓದಿ, ಅಸಿಟೈಲ್‌ಕೋಲಿನ್ ಕೂರುವ ಜಾಗದ ಸುತ್ತಲ ಕೆಲವೇ ಅಮೈನೋ ಆಮ್ಲಗಳು ಬದಲಾಗಿರುವುದನ್ನು ಕಂಡಿತು. ಅಲ್ಲೊಂದು ಕಡೆ ಸಕ್ಕರೆಯ ಸರವೊಂದು ನೇತುಬಿದ್ದಿದೆ. ಪುಟ್ಟ ಅಸಿಟೈಲ್‌ಕೋಲಿನ್ ಅದರ ಪಕ್ಕದಿಂದ ನುಸುಳುತ್ತದೆ, ದಪ್ಪ ಹಾವಿನ ವಿಷಕ್ಕೆ ದಾರಿ ಇಲ್ಲ. ನಾಗರಹಾವಿನ ಸ್ವಂತ ಗ್ರಾಹಿಯಲ್ಲೂ ಹತ್ತಿರದ ಇನ್ನೊಂದು ಜಾಗದಲ್ಲಿ ಇಂಥದೇ ಸಕ್ಕರೆಯ ಅಡ್ಡಗಟ್ಟೆ ಇದೆ. ತನ್ನ ವಿಷ ತನಗೇ ತಾಗದಿರುವುದು ಅದರಿಂದ. ಕೊಲ್ಲುವ ಹಾವು, ಹಾವನ್ನು ಕೊಲ್ಲುವ ಮುಂಗುಸಿ ಎರಡೂ ಒಂದೇ ಬಾಗಿಲಿಗೆ ಒಂದೇ ಬಗೆಯ ಅಡ್ಡಗೋಲು ಇಟ್ಟುಕೊಂಡಿವೆ!

ಗ್ರಾಹಿಯ ರಚನೆಯ ಕತೆ ಇನ್ನೂ ಉದ್ದ, ಬೇಗ ದಾಟುತ್ತೇನೆ. 1976ರಲ್ಲಿ ಜರ್ಮನಿಯ ಗಟ್ಟಿಂಗನ್ನಿನಲ್ಲಿ ಎರ್ವಿನ್ ನೇಹರ್ ಮತ್ತು ಬರ್ಟ್ ಜಾಕ್ಮನ್, ಕೂದಲಿಗಿಂತ ಎಷ್ಟೋ ಸಪೂರ ತುದಿಯ ಗಾಜಿನ ನಳಿಗೆಯನ್ನು ಕಪ್ಪೆಯ ಸ್ನಾಯುವಿಗೆ ಒತ್ತಿಹಿಡಿದು, ಒಂದೇ ಒಂದು ಗ್ರಾಹಿ ತೆರೆದು ಮುಚ್ಚುವಾಗಿನ ವಿದ್ಯುತ್ತನ್ನು ಅಳೆದರು. ಕಾಗದದ ಮೇಲೆ ಮೂಡಿದ್ದು ಚೌಕ ಚೌಕದ ಮೆಟ್ಟಿಲುಗಳು: ತೂಬು ಒಂದೋ ತೆರೆದಿದೆ, ಇಲ್ಲವೇ ಮುಚ್ಚಿದೆ. 1982ರಲ್ಲಿ ಕ್ಯೋಟೊದ ಶೋಸಾಕು ನುಮಾ ಬಳಗ ಟಾರ್ಪೆಡೊ ಗ್ರಾಹಿಯ ಆಲ್ಫಾ ತುಂಡಿನ ಜೀನನ್ನು ಓದಿತು. ಐದು ಹಲಗೆ ಜೋಡಿಸಿ ಮಾಡಿದ ಪೀಪಾಯಿಯಂಥ ಗ್ರಾಹಿಯಲ್ಲಿ ಎರಡು ಹಲಗೆಗಳು ಆಲ್ಫಾ. ಕೇಂಬ್ರಿಜ್‌ನ ನೈಜಲ್ ಅನ್ವಿನ್ ಅದೇ ಮೀನಿನ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಶಕಗಳ ಕಾಲ ನೋಡುತ್ತ ಕೂತು, 2005ರ ಹೊತ್ತಿಗೆ ಅದರ ವಿವರವಾದ ಆಕಾರ ಕೊಟ್ಟರು. 2020ರಲ್ಲಿ ಅಮೆರಿಕದ ರಯನ್ ಹಿಬ್ಸ್ ಬಳಗ ಹಾವಿನ ವಿಷ ಕಚ್ಚಿಕೊಂಡಿರುವ ಗ್ರಾಹಿಯನ್ನೇ ಇನ್ನೂ ಸ್ಪಷ್ಟವಾಗಿ ಚಿತ್ರಿಸಿತು. ಮುಬ್ಬೆರಳಿನಲ್ಲಿ ಒಂದು ಬೆರಳು, ಆಲ್ಫಾ ಹಲಗೆಗೂ ಪಕ್ಕದ ಹಲಗೆಗೂ ನಡುವೆ, ಅಸಿಟೈಲ್‌ಕೋಲಿನ್ ಕೂರಬೇಕಾದ ಸಂದಿಯಲ್ಲಿ ತೂರಿದೆ. ನೀರು ಹರಿಯುವ ಕಂಡಿಯನ್ನು ಅದು ಮುಚ್ಚಿಲ್ಲ, ತೂಬು ಎತ್ತುವ ಹಿಡಿಯಲ್ಲಿ ಸಿಕ್ಕಿಕೊಂಡಿದೆ ಅಷ್ಟೆ.

ಈ ಚಿತ್ರಕ್ಕೆ ನಮ್ಮೂರಿನ ಚಾಪೆಯವರೆಗೆ ಬರುವ ದಾರಿ ಇದೆಯೇ? ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ವರ್ಷಕ್ಕೆ ಸರಾಸರಿ 58 ಸಾವಿರ. ಬಹುಪಾಲು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಸಾರಿತು. ಅದೇ ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಬಳಗ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಸೇರಿ ಒಂದು ಪ್ರತಿಕಾಯದ ಸುದ್ದಿ ಪ್ರಕಟಿಸಿದವು. ನಮ್ಮಲ್ಲಿ ಪ್ರತಿವಿಷ ಇಂದಿಗೂ ಕುದುರೆಗಳಿಗೆ ಹಾವಿನ ವಿಷ ಚುಚ್ಚಿ, ಅವುಗಳ ರಕ್ತದಿಂದ ತೆಗೆಯುವಂಥದು. ಅದು ಅಸಂಖ್ಯ ಜೀವ ಉಳಿಸಿದೆ, ಆದರೆ ಅದರಲ್ಲಿ ಉಪಯೋಗಕ್ಕೆ ಬಾರದ ಕುದುರೆಯ ಪ್ರೋಟೀನುಗಳೇ ಹೆಚ್ಚು, ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ. ಈ ತಂಡ ಪ್ರಯೋಗಶಾಲೆಯಲ್ಲೇ ತಯಾರಿಸಿದ ಸಾವಿರಾರು ಕೋಟಿ ಮಾನವ ಪ್ರತಿಕಾಯಗಳ ರಾಶಿಯಿಂದ ಮುಬ್ಬೆರಳು ವಿಷಗಳನ್ನು ಹಿಡಿಯುವುದನ್ನು ಜಾಲಾಡಿ ತೆಗೆಯಿತು. ಅದಕ್ಕೆ 95ಮ್ಯಾಟ್5 ಎಂದು ಹೆಸರು. ಆಗ್ನೇಯ ಏಷ್ಯಾದ ನಾಗರಹಾವಿನ ವಿಷ, ಆಫ್ರಿಕದ ಕಪ್ಪು ಮಾಂಬಾದ ವಿಷ ಚುಚ್ಚಿದ ಇಲಿಗಳನ್ನು ಅದು ಉಳಿಸಿತು. ಅದು ವಿಷವನ್ನು ಹೇಗೆ ಹಿಡಿದಿದೆ ಎಂದು ನೋಡಿದಾಗ, ವಿಷ ಗ್ರಾಹಿಗೆ ಚಾಚುವ ಅದೇ ಬೆರಳನ್ನು ಗ್ರಾಹಿ ಹಿಡಿಯುವ ರೀತಿಯಲ್ಲೇ ಹಿಡಿದಿತ್ತು. ಸ್ನಾಯುವನ್ನು ಮುಟ್ಟುವ ಮೊದಲೇ ರಕ್ತದಲ್ಲಿ ಗ್ರಾಹಿಯ ವೇಷದ ಇನ್ನೊಂದು ಎದುರಾಗಿ, ವಿಷ ಅದರ ಕೈಗೆ ಸಿಕ್ಕಿಬೀಳುತ್ತದೆ.

ಮನುಷ್ಯರಿಗೆ ಕೊಡುವ ಮದ್ದಾಗಲು ಅದಕ್ಕೆ ಇನ್ನೂ ಬಹಳ ದೂರವಿದೆ. ಮಂಡಲದ ಹಾವುಗಳ ವಿಷಕ್ಕೆ ಅದು ಸಂಬಂಧಿಸಿದ್ದಲ್ಲ. ನಮ್ಮ ಕಟ್ಟುಹಾವಿನ ಮುಖ್ಯ ಆಯುಧವೂ ಮುಬ್ಬೆರಳು ವಿಷವಲ್ಲ. ತೈಪೆಯಲ್ಲಿ ಲೀ ಮತ್ತು ಚಾಂಗ್ ಪಕ್ಕಕ್ಕೆ ತೆಗೆದಿಟ್ಟ ಆ ಇನ್ನೊಂದು, ಬೀಟಾ ಜಾತಿಯದು. ಅದು ನರದ ತುದಿಯನ್ನೇ ತಿಂದುಹಾಕುತ್ತದೆ. ಒಮ್ಮೆ ತಿಂದ ಮೇಲೆ ನಿಯೊಸ್ಟಿಗ್ಮಿನ್ ಹೆಚ್ಚೇನೂ ಮಾಡಲಾರದು, ಪ್ರತಿವಿಷವೂ ಹೋದದ್ದನ್ನು ತಂದುಕೊಡಲಾರದು. ಸ್ನಾಯುವಿನ ದಡದಲ್ಲಿ ಗ್ರಾಹಿಗಳು ಇರುತ್ತವೆ, ಸುದ್ದಿ ಹೇಳುವವರು ಇರುವುದಿಲ್ಲ. ನರ ಮತ್ತೆ ಚಿಗುರಿ ಸಂದಿಯವರೆಗೆ ಬರಬೇಕು, ಅದಕ್ಕೆ ದಿನಗಳು ಬೇಕು, ಕೆಲವೊಮ್ಮೆ ವಾರಗಳು. ಅಲ್ಲಿಯವರೆಗೆ ಯಂತ್ರವೋ, ರಬ್ಬರಿನ ಚೀಲ ಒತ್ತುವ ಯಾರದೋ ಕೈಯೋ, ರೆಪ್ಪೆ ಮುಚ್ಚಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಆ ವ್ಯಕ್ತಿಗೆ ಉಸಿರು ಊಡುತ್ತಿರಬೇಕು.